ಎಡಗಡೆಯ ಚಟಪಟ

ಕೆಲಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಯಾರು ಸಿಕ್ಕರೂ ಈಗಲೂ ಕೇಳುವುದು ಒಂದೇ ಪ್ರಶ್ನೆ: "ಇಂಗ್ಲೆಂಡು ಎಂಗಿತ್ತಪ್ಪಾ?" ನಾನು ಇಂಗ್ಲೆಂಡ್ ನೋಡಲಿಲ್ಲ ಅಂದರೆ ನಂಬುವುದಿಲ್ಲ, ಏನೋ ಮುಚ್ಚಿಡುತ್ತಿದ್ದಾನೆ ಅಂದುಕೊಳ್ಳುತ್ತಾರೆ. ನಿಜ ಹೇಳುತ್ತೇನೆ, ರಾಣಿಯ ಅರಮನೆ ನೋಡಲಿಲ್ಲ, ದೊಡ್ಡ ಗಡಿಯಾರ ನೋಡಲಿಲ್ಲ, ನದಿ ದಾಟಿದ್ದೂ ಗೊತ್ತಾಗಲಿಲ್ಲ. ನೋಡಿದ್ದು ಒಂದು ರೈಲು ನಿಲ್ದಾಣದ ಮೆಟ್ಟಿಲು, ಒಂದು ಮನೆಯ ಹಿತ್ತಲಿನಲ್ಲಿದ್ದ ಮರದ ಶೆಡ್ಡು, ಆ ಶೆಡ್ಡಿನೊಳಗಿನ ಎರಡು ಸ್ಪೀಕರ್ ಪೆಟ್ಟಿಗೆ. ಅದರಲ್ಲೂ ಎಡಗಡೆಯದು. ಅಷ್ಟು ದೂರ ಹಾರಿಹೋಗಿ ಒಂದು ಪೆಟ್ಟಿಗೆಗೆ ಕಿವಿ ಕೊಟ್ಟು ಕೂತು ಬಂದವನು ನಮ್ಮ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ನಾನು ಮತ್ತು ನಮ್ಮ ಮಾವ.

ಕೆಲಮಂಗಲ

ನಂಜಪ್ಪ ಮಾವ ನನ್ನ ಅಮ್ಮನ ತಮ್ಮ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದರಿಂದ ಶುರುಮಾಡಿದವರು, ಆಮೇಲೆ ಮೈಕ್ ಸೆಟ್ಟಿಗೂ ಕೈ ಹಾಕಿದರು. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಮದುವೆಯಾಗಲಿ, ಎಲೆಕ್ಷನ್ನಾಗಲಿ, ಬಲ್ಬಿನಂಥ ಗಾಜಿನ ವಾಲ್ವ್ ಹಾಕಿದ ಆಂಪ್ಲಿಫೈಯರ್ ಇಲ್ಲದೆ ನಡೆಯುತ್ತಿರಲಿಲ್ಲ. ರಾಯಕೋಟೆಯಿಂದ ಉದ್ದನಪಲ್ಲಿಯವರೆಗೆ ಯಾರ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಸುಟ್ಟರೂ ಸೈಕಲ್ ಕ್ಯಾರಿಯರ್ ಮೇಲೆ ಕೂತು ನಮ್ಮ ಶೆಡ್ಡಿಗೇ ಬರುತ್ತಿತ್ತು. ಹೊಸೂರಿನಲ್ಲಿ ಕಾರ್ಖಾನೆಗಳು ಎದ್ದ ಮೇಲೆ ಅವುಗಳಲ್ಲೊಂದು ನಮ್ಮಿಂದ ಸಣ್ಣ ಸಣ್ಣ ಟ್ರಾನ್ಸ್‌ಫಾರ್ಮರ್ ಕೊಳ್ಳತೊಡಗಿತು. ಮಾವ ಏಳು ಜನ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡರು. ಕೃಷ್ಣಗಿರಿಯಲ್ಲಿ ಡಿಪ್ಲೊಮಾ ಮುಗಿಸಿ ಬಂದ ನನ್ನನ್ನು ಟೆಸ್ಟಿಂಗ್ ಮೇಜಿಗೆ ಕೂರಿಸಿದರು. ನಾನು ಮುಂಗೋಪಿ. ಟೆಸ್ಟಿಂಗ್ ಮಾಡುವವನಿಗೆ ಅದು ಒಳ್ಳೆಯ ಗುಣ ಅಂತ ಮಾವನ ಲೆಕ್ಕ.

ಎಂಬತ್ತರ ದಶಕದ ನಡುವೆ ಆ ಕಾರ್ಖಾನೆ ತನ್ನದೇ ಮೆಷಿನ್ ಹಾಕಿಕೊಂಡು ನಮಗೆ ಕೈಮುಗಿಯಿತು. ಶೆಡ್ಡಿನಲ್ಲಿ ಕೆಲಸ ದಿನದಿನಕ್ಕೆ ಇಳಿಯಿತು. ಹೆಂಗಸರು ಬೆಳಗ್ಗೆ ಬಂದು, ತಂತಿ ಸುತ್ತಬೇಕಾದ ನಾಲ್ಕೇ ನಾಲ್ಕು ಬಾಬಿನ್ನುಗಳನ್ನು ಹಂಚಿಕೊಂಡು ನಿಧಾನವಾಗಿ ಸುತ್ತುತ್ತಿದ್ದರು, ಬೇಗ ಮುಗಿದರೆ ಮನೆಗೆ ಹೋಗಿ ಅಂದುಬಿಟ್ಟಾರೆಂಬ ಭಯಕ್ಕೆ. ಅದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು, ಆದರೆ ಬೈಯಲು ಬಾಯಿ ಬರುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಬಂದವನು ಕೀತ್. ಹೊಸೂರಿನ ಯಾವುದೋ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಇಂಗ್ಲೆಂಡಿನವನು. ಯಾರೋ ಕರೆದುಕೊಂಡು ಬಂದು ನಮ್ಮ ಶೆಡ್ಡು ತೋರಿಸಿದರು. ಮೇಜಿನ ಮೇಲೆ ಮೈಕ್ ಸೆಟ್ಟಿನ ಟ್ರಾನ್ಸ್‌ಫಾರ್ಮರ್ ಬಿದ್ದಿತ್ತು. ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕೆಳಗಿಡಲೇ ಇಲ್ಲ. ಅವನು ಹೇಳಿದ್ದು ಇಷ್ಟು. ಅವರ ದೇಶದಲ್ಲಿ ಅವನ ಅಪ್ಪನ ಕಾಲಕ್ಕೆ ಮನೆಯಲ್ಲಿ ಕೂತು ಸಂಗೀತ ಕೇಳುವ ಒಂದು ವಾಲ್ವ್ ಆಂಪ್ಲಿಫೈಯರ್ ಇತ್ತಂತೆ, ಅದರ ನಕ್ಷೆಯನ್ನು ಮೀರಿಸಿದ್ದು ಇನ್ನೊಂದು ಬರಲಿಲ್ಲವಂತೆ. ಟ್ರಾನ್ಸಿಸ್ಟರ್ ಬಂದಿತು, ಕಂಪನಿ ಮುಚ್ಚಿತು, ಜನ ಅವನ್ನು ತಿಪ್ಪೆಗೆ ಎಸೆದರು. ಈಗ ಅದೇ ಜನ ಆ ದನಿ ಬೇಕು ಅಂತ ಹುಡುಕುತ್ತಿದ್ದಾರೆ. ಕೀತ್ ಮತ್ತು ಅವನ ಪಾಲುದಾರ ಸೇರಿ ಅದೇ ನಕ್ಷೆಯನ್ನು ಹೊಸದಾಗಿ ಮಾಡಲು ಹೊರಟಿದ್ದರು. ವಾಲ್ವು ಸಿಕ್ಕಿತ್ತು, ಮಿಕ್ಕ ಸಾಮಾನೂ ಸಿಕ್ಕಿತ್ತು. ಸಿಗದೆ ಇದ್ದದ್ದು ಟ್ರಾನ್ಸ್‌ಫಾರ್ಮರ್. ಒಂದು ಸುತ್ತು ಸಣ್ಣ ತಂತಿ, ಅದರ ಮೇಲೆ ಕಾಗದ, ಅದರ ಮೇಲೆ ದಪ್ಪ ತಂತಿ, ಮತ್ತೆ ಕಾಗದ, ಹೀಗೆ ಪದರ ಪದರವಾಗಿ ಕೈಯಲ್ಲಿ ಸುತ್ತುವವರು ಅವರ ದೇಶದಲ್ಲಿ ಮುಗಿದುಹೋಗಿದ್ದರು. ನಮ್ಮಲ್ಲಿ ಇನ್ನೂ ಇದ್ದರು, ಯಾಕೆಂದರೆ ನಮ್ಮ ಕಡೆ ಇನ್ನೂ ಮೈಕ್ ಸೆಟ್ಟಿನಲ್ಲೇ ಮದುವೆ ನಡೆಯುತ್ತಿತ್ತು.

ಎರಡು ಟ್ರಾನ್ಸ್‌ಫಾರ್ಮರ್ ಮಾದರಿಗೆ ಮಾಡಿ ತನ್ನಿ, ಅಲ್ಲಿ ಅಂಗಡಿಯವರ ಮುಂದೆ ಹಾಡಿಸೋಣ, ಅವರು ಒಪ್ಪಿದರೆ ಆರ್ಡರ್ ನಿಮಗೇ ಅಂದ. ಟಿಕೆಟ್ಟೂ ಅವರದೇ. ಸುತ್ತುವ ವಿಷಯ ತಿಳಿದವರು ಮಾವ, ಇಂಗ್ಲಿಷ್ ತಕ್ಕಮಟ್ಟಿಗೆ ಗೊತ್ತಿದ್ದವನು ನಾನು. ಇಬ್ಬರೂ ಹೊರಟೆವು. ಆರ್ಡರ್ ಬಂದರೆ ಶೆಡ್ಡು ಉಳಿಯುತ್ತದೆ, ಇಲ್ಲದಿದ್ದರೆ ಮಾವ ಮತ್ತೆ ಒಬ್ಬರೇ ಪಂಪ್‌ಸೆಟ್ಟಿಗೆ, ಹೆಂಗಸರು ಮನೆಗೆ. ಇದು ಏಳು ಜನಕ್ಕೂ ಗೊತ್ತಿತ್ತು.

ಮೊದಲನೆಯದನ್ನು ಸುತ್ತಿದವಳು ರತ್ನಕ್ಕ, ನಮ್ಮ ಶೆಡ್ಡಿನ ಹಿರಿಯ ಕೈ. ಉದ್ದನಪಲ್ಲಿಯವಳು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದ. ಎರಡನೆಯದನ್ನು ಸುತ್ತಿದವಳು ಸಾವಿತ್ರಿ. ಯಾವ ಹೊಸ ಸಾಮಾನು ಮಾಡಿದರೂ ಮೊದಲನೆಯದಕ್ಕೆ ಪೂಜೆ ಮಾಡುವುದು ನಮ್ಮ ಶೆಡ್ಡಿನ ಪದ್ಧತಿ. ಸಾವಿತ್ರಿ ಅರಿಶಿನ ಕುಂಕುಮ ಇಡುತ್ತಿದ್ದಳು, ರತ್ನಕ್ಕ ಆ ಹೊತ್ತಿಗೆ ವಾರ್ನಿಷ್ ಡ್ರಮ್ಮಿನ ಹಿಂದೆ ಏನೋ ಕೆಲಸ ಹುಡುಕಿಕೊಂಡು ಹೋಗಿ ನಿಲ್ಲುತ್ತಿದ್ದಳು. ಯಾರೂ ಹೋಗು ಅಂದಿರಲಿಲ್ಲ. ಯಾರೂ ಬಾ ಅಂತಲೂ ಅಂದಿರಲಿಲ್ಲ.

ಆ ದಿನ ಮಾವ ತಟ್ಟೆ ತೆಗೆದುಕೊಂಡು ನೇರ ಡ್ರಮ್ಮಿನ ಹಿಂದಕ್ಕೆ ಹೋದರು.

"ಸುತ್ತಿದ್ದು ನೀನು. ನೀನೇ ಇಕ್ಕವ್ವ," ಅಂದರು.

"ಬ್ಯಾಡಣ್ಣ."

"ಇಕ್ಕು ಅಂದ್ನಲ್ಲ."

ಸಾವಿತ್ರಿ ಬಾಯಿ ಬಿಟ್ಟಳು. "ಅಣ್ಣ, ಹೊರದೇಸಕ್ಕೋಗೋ ಸಾಮಾನು. ವಸಿ ಯೋಚ್ನೆ ಮಾಡು."

"ಮಾಡಿವ್ನಿ," ಅಂದರು ಮಾವ.

ರತ್ನಕ್ಕ ಬಂದಳು. ಎಷ್ಟೋ ವರ್ಷದಿಂದ ಕುಂಕುಮ ಮುಟ್ಟದ ಬೆರಳು, ಅಳತೆ ಮರೆತಿತ್ತು. ನೆನೆಸಿದ ಅರಿಶಿನವನ್ನು ದಪ್ಪಗೆ ಬಳಿದು ಅದರ ಮೇಲೆ ಕುಂಕುಮ ಒತ್ತಿದಳು. ತಂತಿಯ ತುದಿಗಳೆಲ್ಲ ಬಂದು ಸೇರುವ ಕಂದು ಬಣ್ಣದ ಸಣ್ಣ ಹಲಗೆ ಇರುತ್ತದಲ್ಲ, ಟ್ರಾನ್ಸ್‌ಫಾರ್ಮರಿನ ಮುಖ ಅನ್ನುವುದಾದರೆ ಅದೇ, ಅದರ ನಟ್ಟನಡುವೆ. ನೀರು ಕೆಳಕ್ಕೆ ಸ್ವಲ್ಪ ಇಳಿಯಿತು. ಅವಳ ಕಣ್ಣಲ್ಲೂ ಇಳಿಯಿತು. ನಾನು ಬಸ್ಸಿಗೆ ಹೊತ್ತಾಯಿತು ಅಂತ ಗೊಣಗುತ್ತಾ ನಿಂತಿದ್ದೆ.

ಮದ್ರಾಸು

ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವನು ನಮ್ಮ ಚೀಲವನ್ನು ಎತ್ತಲು ಹೋಗಿ ಭಾರಕ್ಕೆ ತತ್ತರಿಸಿದ. ಒಳಗೆ ಹಳೇ ಸೀರೆಯಲ್ಲಿ ಸುತ್ತಿದ ಎರಡು ಕಬ್ಬಿಣದ ಗಡ್ಡೆ. ಅವನ ಮುಖ ಬಿಗಿಯಿತು. ಇನ್ನೊಬ್ಬನನ್ನು ಕರೆದ. ಇಬ್ಬರೂ ಸೇರಿ ಬಟ್ಟೆ ಬಿಚ್ಚಿ, ಮೇಲಿನ ತಗಡು ಮುಚ್ಚಳ ತೆಗೆಸಿದರು. ಒಳಗೆ ಏನು ತುಂಬಿದ್ದೀರಿ, ಈ ಕಾಗದ ಬಿಚ್ಚಿ ತೋರಿಸಿ ಅಂದ. ಬಿಚ್ಚುವುದೆಂದರೆ ರತ್ನಕ್ಕನ ಎರಡು ವಾರದ ಕೆಲಸ ಹೋಯಿತು ಅಂತಲೇ. ನಾನು ತಮಿಳಿನಲ್ಲಿ ವಿವರಿಸಿದಷ್ಟೂ ಅವನ ಅನುಮಾನ ಹೆಚ್ಚುತ್ತಿತ್ತು, ನನ್ನ ದನಿ ಏರುತ್ತಿತ್ತು. ಅವನು ಚೂರಿಯಂಥದ್ದೊಂದನ್ನು ಕೈಗೆ ತೆಗೆದುಕೊಂಡ.

ಆಗ ಅವನಿಗೆ ಕುಂಕುಮ ಕಾಣಿಸಿತು.

"ಪೂಜೆ ಪೋಟ್ಟಾಚ್ಚಾ?" ಅಂದ, ಪೂಜೆ ಆಗಿದೆಯಾ ಅಂತ.

"ಮೊದಲ್ ಸಾಮಾನ್ ಸಾರ್," ಅಂದರು ಮಾವ ಮೆಲ್ಲಗೆ.

ಅವನು ಚೂರಿ ಕೆಳಗಿಟ್ಟ. ಮುಚ್ಚಳವನ್ನು ತಾನೇ ಹಾಕಿ, ಸೀರೆಯನ್ನೂ ತಾನೇ ಸುತ್ತಿದ. "ಪೋಯಿಟ್ಟು ವಾಂಗ," ಹೋಗಿ ಬನ್ನಿ ಅಂದು ನಮ್ಮನ್ನು ಮುಂದಕ್ಕೆ ಬಿಟ್ಟ. ಮಾವ ನನ್ನ ಕಡೆ ತಿರುಗಿ, "ನೋಡ್ದೇನ್ಲಾ?" ಅನ್ನುವ ಹಾಗೆ ಹುಬ್ಬು ಎತ್ತಿದರು.

ಲಂಡನ್ನಿನ ಮೆಟ್ಟಿಲು

ಲಂಡನ್ನಿನ ರೈಲು ನಿಲ್ದಾಣದಲ್ಲಿ ಮೆಟ್ಟಿಲುಗಳು ತಾವೇ ಓಡುತ್ತವೆ. ನಾನು ಚೀಲ ಹಿಡಿದು ಕಾಲಿಟ್ಟೆ. ಮಾವ ಕಾಲಿಡಲಿಲ್ಲ, ನನ್ನ ಅಂಗಿಯ ಹಿಂಬದಿ ಹಿಡಿದುಕೊಂಡರು. ನಾನು ಕೆಳಕ್ಕೆ, ಅಂಗಿ ಮೇಲಕ್ಕೆ. ಚೀಲ ಕೈತಪ್ಪಿ ಧಡಧಡ ಉರುಳಿ ಕೆಳಗೆ ಹೋಗಿ ಬಿತ್ತು. ಹಿಂದೆ ನಿಂತಿದ್ದ ಮುದುಕಿಯೊಬ್ಬಳು ನಮಗೇ "ಸಾರಿ" ಅಂದಳು. ಆ ದೇಶದಲ್ಲಿ ನೀವು ಅವರ ಕಾಲು ತುಳಿದರೂ ಅವರೇ ಸಾರಿ ಅನ್ನುತ್ತಾರೆ. ನಮ್ಮ ರಾಯಕೋಟೆ ಬಸ್ಸಿನಲ್ಲಾದರೆ ಮೂರು ಭಾಷೆಯಲ್ಲಿ ಬೈಗುಳ ಬರುತ್ತಿತ್ತು, ಮನಸ್ಸಿಗೂ ಹಗುರಾಗುತ್ತಿತ್ತು.

"ಬೀಳಿಸ್ಬುಟ್ಯಲ್ಲೋ," ಅಂದರು ಮಾವ.

"ನೀನ್ ಅಂಗಿ ಎಳ್ದಿದ್ದಕ್ಕೆ ಬಿತ್ತು."

"ರತ್ನಮ್ಮಂಗೇನ್ ಹೇಳ್ಲಿ ನಾನು?"

ಚೀಲ ಬಿಚ್ಚಿ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಉತ್ತರದ ಕಡೆ ಹೋಗುವ ರೈಲಿನಲ್ಲಿ ನಾಲ್ಕು ಗಂಟೆ ಮಾತಿಲ್ಲದೆ ಕೂತೆವು. ಸುತ್ತಲೂ ಇದ್ದವರು ಸಹ ಒಬ್ಬರಿಗೊಬ್ಬರು ಮಾತಾಡಲಿಲ್ಲ, ಅವರಿಗೆ ಜಗಳವೂ ಆಗಿರಲಿಲ್ಲ. ಬರೀ ಹಾಗೇ ಕೂತಿದ್ದರು.

ಕೀತನ ಶೆಡ್ಡು

ಕೀತನ ಊರಿನಲ್ಲಿ ಆಕಾಶ ಮಾಡಿಗೆ ತಾಗುವಷ್ಟು ಕೆಳಗಿತ್ತು. ಮಳೆ ಅನ್ನುವಷ್ಟು ಮಳೆಯಲ್ಲ, ಜರಡಿ ಹಿಡಿದ ಹಾಗೆ ಬರುತ್ತಲೇ ಇರುತ್ತದೆ. ಒಗೆದ ಅಂಗಿ ಒಣಗುವುದಿಲ್ಲ, ಒಣಗಿದ ಅಂಗಿ ಹಾಕಿಕೊಂಡರೆ ತಣ್ಣಗೆ ಒದ್ದೆ. ಸ್ನಾನದ ಮನೆಯಲ್ಲಿ ಬಿಸಿನೀರಿಗೆ ಒಂದು ನಲ್ಲಿ, ತಣ್ಣೀರಿಗೆ ಒಂದು ನಲ್ಲಿ. ಒಂದರಲ್ಲಿ ಕೈ ಸುಡುತ್ತದೆ, ಇನ್ನೊಂದರಲ್ಲಿ ಮರಗಟ್ಟುತ್ತದೆ. ಇಂಥ ಜನ ಸಂಗೀತದಲ್ಲಿ ಇಷ್ಟು ನಾಜೂಕು ಹೇಗಾದರೋ ನನಗಂತೂ ತಿಳಿಯಲಿಲ್ಲ.

ಹಿತ್ತಲಿನ ಮರದ ಶೆಡ್ಡಿನಲ್ಲಿ ಆಂಪ್ಲಿಫೈಯರ್ ಸಿದ್ಧವಾಗಿತ್ತು. ತಾಮ್ರದ ಬಣ್ಣದ ತಗಡಿನ ಮೇಲೆ ಸಾಲಾಗಿ ವಾಲ್ವುಗಳು, ಹಿಂದೆ ನಮ್ಮ ಎರಡು ಟ್ರಾನ್ಸ್‌ಫಾರ್ಮರ್‌ಗೆ ಖಾಲಿ ಬಿಟ್ಟ ಜಾಗ. ಕೀತನ ಅಪ್ಪನ ಕಾಲದ ಮೂಲ ಆಂಪ್ಲಿಫೈಯರ್ ಒಂದು ಪಕ್ಕದಲ್ಲೇ ತುಕ್ಕು ಹಿಡಿದು ಕೂತಿತ್ತು. ಹಳೆಯದರ ತಂಗಿ ಹೊಸದು ಅನ್ನುವಂತಿತ್ತು. ಪಾಲುದಾರ ಡೆರೆಕ್ ಅಲ್ಲೇ ನಿಂತಿದ್ದ. ಉದ್ದನೆಯ ಮನುಷ್ಯ, ಕೈ ಕುಲುಕಿದ, ನಗಲಿಲ್ಲ. ಅವನ ಮುಂದೆ ಮೇಜಿನ ಮೇಲೆ ಇನ್ನೊಂದು ಜೊತೆ ಟ್ರಾನ್ಸ್‌ಫಾರ್ಮರ್ ಇತ್ತು, ಅವರದೇ ದೇಶದ ಕಾರ್ಖಾನೆಯಲ್ಲಿ ಮೆಷಿನ್ನಿನಲ್ಲಿ ಸುತ್ತಿದ್ದು. ಶನಿವಾರ ಅಂಗಡಿಯವರು ಕೇಳಲು ಬರುತ್ತಾರೆ, ನಿಮ್ಮದು ಸರಿಯಿಲ್ಲದಿದ್ದರೆ ಇದನ್ನು ಹಾಕುತ್ತೇನೆ ಅಂತ ನೇರವಾಗಿ ಹೇಳಿದ.

ಕೀತ್ ತಾನೇ ಬೆಸುಗೆ ಹಾಕಿದ. ರತ್ನಕ್ಕನದು ಎಡಗಡೆಗೆ, ಸಾವಿತ್ರಿಯದು ಬಲಗಡೆಗೆ. ಸ್ವಿಚ್ ಹಾಕಿದ. ವಾಲ್ವುಗಳು ಕೆಂಪಗಾದವು. ನಮ್ಮ ಮೈಕ್ ಸೆಟ್ಟಿಗೆ ಜೀವ ಬಂತು ಅಂತ ಗೊತ್ತಾಗುವುದೇ ಅದು ಗುಂಯ್ ಅನ್ನುವುದರಿಂದ. ಇಲ್ಲಿ ಅಂಥದ್ದೇನೂ ಇಲ್ಲ.

"ಕೆಟ್ಟೋಗೈತೆ ಕಣ್ಲಾ," ಅಂದರು ಮಾವ ಗಾಬರಿಯಾಗಿ.

ಕೆಟ್ಟಿರಲಿಲ್ಲ. ಅದು ಅಷ್ಟು ಮೌನವಾಗಿತ್ತು. ಕೀತ್ ಗ್ರಾಮಫೋನ್ ತಟ್ಟೆ ಹಾಕಿದ. ನಮ್ಮ ಪಿಟೀಲಿನ ದೊಡ್ಡಣ್ಣನಂಥ ವಾದ್ಯ, ಒಬ್ಬನೇ ಕೂತು ನುಡಿಸುತ್ತಿದ್ದ. ನಾನು ಹುಟ್ಟಿದ ಮೇಲೆ ಅಂಥ ದನಿ ಕೇಳಿರಲಿಲ್ಲ. ಆ ಮನುಷ್ಯ ಶೆಡ್ಡಿನಲ್ಲೇ ಕೂತಿದ್ದಾನೆ, ಅವನು ಉಸಿರು ಎಳೆದದ್ದೂ ಕೇಳುತ್ತದೆ. ಮಾವ ಬಾಯಲ್ಲಿ ಬೆರಳಿಟ್ಟುಕೊಂಡು ನಿಂತುಬಿಟ್ಟರು. ನಾವು ಸುತ್ತಿದ ತಂತಿಯೊಳಗಿಂದ ಇದು ಬರುತ್ತಿದೆ ಅನ್ನುವುದು ನಂಬುವುದಕ್ಕೇ ಆಗಲಿಲ್ಲ.

ಮೂರನೆಯ ಹಾಡಿಗೆ ಶುರುವಾಯಿತು. ಎಡಗಡೆಯ ಪೆಟ್ಟಿಗೆಯಲ್ಲಿ ಚಟ್. ಸ್ವಲ್ಪ ಹೊತ್ತು ಬಿಟ್ಟು ಚಟ್ ಚಟ್. ಆಮೇಲೆ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಚಟಪಟ.

ಡೆರೆಕ್ ತನ್ನ ಜೊತೆಯನ್ನು ಮೇಜಿನ ಮೇಲೆ ಸ್ವಲ್ಪ ಮುಂದಕ್ಕೆ ಸರಿಸಿದ, ಅಷ್ಟೆ.

ಗುರುವಾರ, ಬಿಸಿಲು

ಎಡಗಡೆಯ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಬಲಕ್ಕೆ, ಬಲದ್ದನ್ನು ಎಡಕ್ಕೆ ಬೆಸೆದು ನೋಡಿದೆವು. ಚಟಪಟ ಬಲಗಡೆಗೆ ಹೋಯಿತು. ಅಂದರೆ ವಾಲ್ವಿನದಲ್ಲ, ಸ್ಪೀಕರಿನದಲ್ಲ, ರತ್ನಕ್ಕನ ಟ್ರಾನ್ಸ್‌ಫಾರ್ಮರಿನದೇ. ಮತ್ತೆ ಮೊದಲಿನ ಹಾಗೇ ಜೋಡಿಸಿದೆವು. ಕಿರಿಯವಳು ಸುತ್ತಿದ್ದು ಚೆನ್ನಾಗಿದೆ, ಹಿರಿಯ ಕೈ ಸುತ್ತಿದ್ದು ಕೆಟ್ಟಿದೆ.

"ರತ್ನಮ್ಮನ ಕೈ ತಪ್ಪಾಕಿಲ್ಲ," ಅಂದರು ಮಾವ. "ನೀನ್ ಬೀಳಿಸಿದ್ದೇ. ಒಳಗೆ ತಂತಿ ಬಿರುಕು ಬಿಟ್ಟೈತೆ."

"ಬಿದ್ದಿದ್ದು ಎರಡೂ ಒಟ್ಗೇ ತಾನೇ? ಸಾವಿತ್ರೀದು ಯಾಕ್ ಸುಮ್ನಿದೆ?"

"ನಂಗೇನ್ ಗೊತ್ತು. ಡಿಪ್ಲೊಮಾ ಓದ್ದೋನು ನೀನು."

ಕೀತ್ ಚಹಾ ತಂದಿಟ್ಟು ಹೊರಗೆ ಹೋದ. ನಾವು ಜಗಳವಾಡುವುದನ್ನು ನೋಡಬಾರದೆಂಬ ಅವನ ಮರ್ಯಾದೆ. ಆ ಜನರ ಮರ್ಯಾದೆಯೇ ನನಗೆ ಕೊನೆಗೆ ಕೋಪ ಬರಿಸಿತು. ಒಬ್ಬರಾದರೂ "ಏನ್ರಯ್ಯಾ ಹೀಗ್ ಮಾಡಿದ್ದೀರಿ" ಅಂತ ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

ಅವತ್ತು ಅಪರೂಪಕ್ಕೆ ಬಿಸಿಲು ಬಂತು. ಮಧ್ಯಾಹ್ನ ಹಾಕಿದರೆ ಚಟಪಟ ಇಲ್ಲ. ಎರಡು ತಾಸು ಹಾಡಿತು, ಒಂದು ಚಟ್ ಇಲ್ಲ. ಕೀತ್ ನಕ್ಕ, ನಾನೂ ನಕ್ಕೆ. ಮಾವ ನಗಲಿಲ್ಲ. ಸಂಜೆ ಮೋಡ ಕವಿದು ಜರಡಿ ಮಳೆ ಶುರುವಾಯಿತು, ಅದರ ಹಿಂದೆಯೇ ಚಟಪಟವೂ ಬಂತು.

"ನೀರ್ ಕುಡಿತಾ ಐತೆ," ಅಂದರು ಮಾವ. "ಒಳಗಲ್ಲ. ಒಳಗೆ ವಾರ್ನಿಷಲ್ಲಿ ಮುಳುಗ್ಸಿ ಬೇಯ್ಸಿವ್ನಿ. ಹೊರಗೆಲ್ಲೋ ಐತೆ."

ಎಲ್ಲಿ? ನಾನು ಮೀಟರ್ ಹಿಡಿದು ಹುಡುಕಿದೆ, ಕೀತ್ ದೀಪ ಹಿಡಿದು ಹುಡುಕಿದ. ಮೂವರೂ ಆ ಹಲಗೆಯ ಮೇಲೇ ಬಗ್ಗಿ ಹುಡುಕಿದೆವು. ಶುಕ್ರವಾರ ಒಂದೇ ದಿನ ಉಳಿದಿತ್ತು.

ಶುಕ್ರವಾರ, ಕತ್ತಲು ಮಾಡಿದ ಶೆಡ್ಡು

ಬೆಳಗ್ಗೆಯೇ ಡೆರೆಕ್ ಬಂದ. ಮಧ್ಯಾಹ್ನದೊಳಗೆ ತನ್ನ ಜೊತೆಯನ್ನು ಹಾಕಬೇಕು, ಇನ್ನು ಕಾಯಲಾಗುವುದಿಲ್ಲ ಅಂದ. ಕೀತ್ ಒಂದೇ ಒಂದು ಸಲ ಅಂತ ಕೇಳಿಕೊಂಡು ಕಿಟಕಿಗೆ ಕಂಬಳಿ ಕಟ್ಟಿದ. ಅವನ ಅಪ್ಪ ಇಂಥದ್ದನ್ನು ಕತ್ತಲು ಮಾಡಿ ಹುಡುಕುತ್ತಿದ್ದನಂತೆ. ನಮ್ಮ ಮಾವನೂ ಪಂಪ್‌ಸೆಟ್ ಮೋಟಾರಿಗೆ ಅದನ್ನೇ ಮಾಡುತ್ತಿದ್ದರು. ಹೊರಗೆ ಚೆನ್ನಾಗಿ ಮಳೆ ಹಿಡಿದಿತ್ತು. ಬಾಗಿಲು ಹಾಕಿ, ಮುಚ್ಚಳ ತೆಗೆದು, ಸ್ವಿಚ್ ಹಾಕಿದರು. ನಾಲ್ವರೂ ಉಸಿರು ಹಿಡಿದು ನಿಂತೆವು.

ಚಟ್.

ನೀಲಿ ಕಿಡಿ. ಕೂದಲಿನಷ್ಟು ಸಣ್ಣದು. ಎಡಗಡೆ ಟ್ರಾನ್ಸ್‌ಫಾರ್ಮರಿನ ಹಲಗೆಯ ಮೇಲೆ, ಮೇಲಿನ ತುದಿಯಿಂದ ಕೆಳಗಿನ ತುದಿಗೆ ಹರಿದಾಡಿತು. ಚಟ್ ಚಟ್. ಪ್ರತಿ ಸಲವೂ ಒಂದೇ ದಾರಿ. ಆ ದಾರಿ ಯಾವುದು ಅಂತ ದೀಪ ಹಾಕುವ ಮೊದಲೇ ನನಗೆ ಗೊತ್ತಾಯಿತು. ರತ್ನಕ್ಕ ಇಟ್ಟ ಕುಂಕುಮ ಇಳಿದ ದಾರಿ.

ಮೂರು ದಿನ ಮೂವರೂ ಅದನ್ನು ನೋಡಿದ್ದೆವು. ನಮಗೆ ಕುಂಕುಮ ಯಂತ್ರದ ಮೇಲಿರುವುದು ಬಾಗಿಲಿಗೆ ಚಿಲಕವಿದ್ದ ಹಾಗೆ, ಕಣ್ಣಿಗೆ ಕಾಣುವ ವಸ್ತುವೇ ಅಲ್ಲ. ಕೀತನಿಗೆ ಕಂಡಿತ್ತು, ಆದರೆ ಕೇಳಿರಲಿಲ್ಲ.

"ಅದು ನಿಮ್ಮ ತಪಾಸಣೆಯ ಗುರುತು ಅಂದುಕೊಂಡಿದ್ದೆ," ಅಂದ. "ಪಾಸಾಗಿದೆ ಅಂತ ಹಾಕುವ ಕೆಂಪು ಚುಕ್ಕೆ. ಅಲ್ಲವೇ?"

ಅರಿಶಿನದಲ್ಲಿ ಸುಣ್ಣ ಸೇರಿದರೆ ಕುಂಕುಮ. ನಮ್ಮ ಒಣ ಹವೆಯಲ್ಲಿ ಅದು ಬರೀ ಪುಡಿ. ಇಲ್ಲಿನ ತೇವ ಕುಡಿದು ಅದು ನಾನೂರು ವೋಲ್ಟಿಗೆ ಕಾಲುದಾರಿಯಾಗಿತ್ತು.

"ಏನದು?" ಅಂತ ಡೆರೆಕ್ ನನ್ನನ್ನು ಕೇಳಿದ.

ಬಣ್ಣ ಅನ್ನೋಣ ಅಂತ ನಾನು ಬಾಯಿ ತೆರೆದೆ. ಮಾವನಿಗೆ ಇಂಗ್ಲಿಷ್ ಬರದಿದ್ದರೂ ನನ್ನ ಮುಖ ಓದಲು ಬರುತ್ತಿತ್ತು.

"ಇದ್ದದ್ದು ಹೇಳ್ಲಾ," ಅಂದರು. "ಬಣ್ಣ ಗಿಣ್ಣ ಅಂದ್ರೆ ಬಳ್ದೋರ್ದು, ಸುತ್ತಿದೋರ್ದು ಎಲ್ಲಾ ತಪ್ಪಾಯ್ತದೆ. ಕುಂಕುಮ ಅಂದ್ರೆ ಸುತ್ತಿದ ಕೈಗೆ ಕೆಟ್ಟೆಸ್ರು ಬರಾಕಿಲ್ಲ."

ಹೇಳಿದೆ. ಮೊದಲ ಸಾಮಾನಿಗೆ ಪೂಜೆ ಮಾಡುತ್ತೇವೆ, ಅದು ಪೂಜೆಯದು ಅಂದೆ. ಡೆರೆಕ್ ನನ್ನ ಮುಖ ನೋಡಿದ, ಮಾವನ ಮುಖ ನೋಡಿದ, ಹಲಗೆ ನೋಡಿದ.

"ಇದನ್ನು ಹಚ್ಚಿದವರು ಯಾರು? ಸುತ್ತಿದ ಹೆಂಗಸೇ?"

ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಮಾವ ಒಂದು ಗಳಿಗೆಯೂ ತಡೆಯಲಿಲ್ಲ.

"ನಾನೇ ಇಕ್ಕಿದ್ದು ಅನ್ನು."

ಅವರ ಕಣ್ಣು ನನ್ನ ಮೇಲೇ ಇತ್ತು. ಹಾಗೇ ಹೇಳಿದೆ.

ಡೆರೆಕ್ ಗಡಿಯಾರ ನೋಡಿಕೊಂಡ. "ಮಧ್ಯಾಹ್ನದವರೆಗೆ," ಅಂದು ಮನೆಯೊಳಕ್ಕೆ ಹೋದ.

ಕೀತ್ ಸ್ವಿಚ್ ಆರಿಸಿ, ಒಂದು ಚಿಂದಿ ಬಟ್ಟೆಗೆ ಸ್ಪಿರಿಟ್ ಸುರಿದು ಮಾವನ ಕೈಗೆ ಕೊಟ್ಟ. ಒರೆಸಿದರೆ ಆಯಿತು, ನಿಮಿಷದ ಕೆಲಸ. ಮಾವ ಬಟ್ಟೆ ಹಿಡಿದು ನಿಂತೇ ಇದ್ದರು. ಕೈ ಮುಂದೆ ಹೋಗಲಿಲ್ಲ.

"ಯಾಕ್ ಮಾವ?"

"ಅವಳ್ದು ಒಂದ್ಸಲ ಅಳ್ಸವ್ರೆ ಕಣ್ಲಾ," ಅಂದರು. "ನಾನೂ ಅಲ್ಲೇ ನಿಂತಿದ್ದೆ ಅವತ್ತು. ಇನ್ನೊಂದ್ಸಲ ನನ್ ಕೈಲಿ ಅಳ್ಸು ಅಂತೀಯಾ?"

ಬೇಗ ಮಾಡು ಮಾವ, ಹೊತ್ತಾಗುತ್ತೆ ಅನ್ನಬೇಕಿತ್ತು, ಆಗಲಿಲ್ಲ. ಕೀತ್ ಏನು ಅಂತ ಕೇಳಲಿಲ್ಲ, ಅವನ ಮರ್ಯಾದೆ ಆ ಒಂದು ಸಲ ನನಗೆ ಹಿತವಾಯಿತು.

ಮಾವ ಬಟ್ಟೆ ಕೆಳಗಿಟ್ಟರು. ಬ್ಲೇಡು ಕೇಳಿ ತೆಗೆದುಕೊಂಡರು. ಹಲಗೆಯ ಮೇಲಿನ ಕುಂಕುಮವನ್ನು ಅಂಚಿನಿಂದ ಮೆಲ್ಲಗೆ ಎಬ್ಬಿಸಿ, ಚೂರು ಚೂರೇ ಬೆರಳ ತುದಿಗೆ ತೆಗೆದುಕೊಂಡರು. ಚಹಾದ ತಟ್ಟೆಯಲ್ಲಿ ಉಳಿದಿದ್ದ ನೀರನ್ನು ಒಂದು ಹನಿ ಸೇರಿಸಿ, ಅದನ್ನು ಅದೇ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಮೈಮೇಲೆ ಇಟ್ಟರು. ಅಲ್ಲಿ ಕರೆಂಟು ಬರುವುದಿಲ್ಲ. ಎಷ್ಟು ಬೇಕಾದರೂ ತೇವ ಕುಡಿಯಲಿ.

"ಅಳ್ಸಲಿಲ್ಲ," ಅಂದರು. "ಜಾಗ ಬದ್ಲಾಯ್ಸಿದೆ."

ಆಮೇಲೆ ಕಿಡಿ ಸುಟ್ಟಿದ್ದ ಕಪ್ಪು ಗೆರೆಯನ್ನು ಕೆರೆದು, ಸ್ಪಿರಿಟ್ ಹಾಕಿ ಒರೆಸಿ, ವಾರ್ನಿಷ್ ಬಳಿದರು. ಕೀತ್ ಹೆಂಡತಿಯ ಕೂದಲು ಒಣಗಿಸುವ ಯಂತ್ರ ತಂದು ಒಣಗಿಸಿದ. ಸ್ವಿಚ್ ಹಾಕಿದೆವು. ಹೊರಗೆ ಮಳೆ ಜೋರಾಗಿಯೇ ಇತ್ತು. ಮಧ್ಯಾಹ್ನದವರೆಗೂ ಮೂವರೂ ಎಡಗಡೆಯ ಪೆಟ್ಟಿಗೆಯ ಮುಂದೆ ಕೂತಿದ್ದೆವು. ಡೆರೆಕ್ ಬಂದು ಬಾಗಿಲಲ್ಲಿ ನಿಂತು ಕೇಳಿದ. ತನ್ನ ಜೊತೆಯನ್ನು ಎತ್ತಿ ಕಪಾಟಿನಲ್ಲಿಟ್ಟ, ಬೀಗ ಹಾಕಲಿಲ್ಲ.

ಸಂಜೆ ನಾನು ಮಾವನನ್ನು ಕೇಳಿದೆ, ನಾನೇ ಇಕ್ಕಿದ್ದು ಅಂತ ಯಾಕೆ ಅಂದೆ, ಇವರಿಗೆ ಯಾರಿಟ್ಟರೂ ಒಂದೇ ಅಲ್ಲವೇ ಅಂತ.

"ಇವ್ರಿಗೆ ಒಂದೇ. ಸಾವಿತ್ರಿಗೆ ಗೊತ್ತಾದ್ರೆ? ಮುಂಡೆ ಕೈ ಕುಂಕುಮ, ಅದ್ಕೇ ಇಂಗಾತು ಅಂತಾರೆ. ಅದು ತೇವದ್ದು ಅಂತ ನೀನು ಎಷ್ಟ್ ಡಿಪ್ಲೊಮಾ ಹೇಳಿದ್ರೂ ಯಾರೂ ಕೇಳಾಕಿಲ್ಲ. ಅವಳು ಆ ಡ್ರಮ್ಮಿನ ಹಿಂದ್ಗಡೆಯಿಂದ ಇನ್ ಜನ್ಮದಲ್ಲಿ ಬರಾಕಿಲ್ಲ." ನನ್ನ ಕಡೆ ಬೆರಳು ತೋರಿಸಿ, "ನಿನ್ ಬಾಯಿ ಜೋಪಾನ," ಅಂದರು.

ಶನಿವಾರ

ಅಂಗಡಿಯವರು ಆರೇಳು ಜನ ಬಂದರು. ಕೋಟು ತೆಗೆದು, ಕುರ್ಚಿಯ ಮೇಲೆ ಕೂತು, ಕಣ್ಣು ಮುಚ್ಚಿಕೊಂಡರು. ನಮ್ಮಲ್ಲಿ ಹಾಡು ಅಂದರೆ ಪಕ್ಕದ ಊರಿಗೆ ಕೇಳಬೇಕು, ಕೇಳುತ್ತಾ ಊಟ ಬಡಿಸಬೇಕು, ಮಾತಾಡಬೇಕು. ಇವರು ಪರೀಕ್ಷೆಗೆ ಕೂತವರ ಹಾಗೆ ಕೂತಿದ್ದರು. ಮಳೆ ಬರುತ್ತಿತ್ತು, ಬರದೆ ಇನ್ನೇನು. ಕೋಟುಗಳಿಂದ ಆವಿ ಏಳುತ್ತಿತ್ತು. ಅಷ್ಟು ತೇವವನ್ನು ಆ ಶೆಡ್ಡು ಅದುವರೆಗೂ ಕಂಡಿರಲಿಕ್ಕಿಲ್ಲ.

ಆ ದೊಡ್ಡ ಪಿಟೀಲಿನವನು ಶುರುಮಾಡಿದ. ನಾನು ಒಂದು ಸ್ವರವನ್ನೂ ಕೇಳಲಿಲ್ಲ. ಸ್ವರ ಸ್ವರದ ನಡುವೆ ಚಟ್ ಬರುತ್ತದೇನೋ ಅಂತ ಅಷ್ಟನ್ನೇ ಕೇಳುತ್ತಿದ್ದೆ. ಮಾವ ಎಡಗಡೆ ಪೆಟ್ಟಿಗೆಗೆ ಎದುರಾಗಿ, ಪಂಚೆಯ ಮೇಲೆ ಕೀತನ ಕೋಟು ಹಾಕಿಕೊಂಡು, ಕೈಕಟ್ಟಿ ನಿಂತಿದ್ದರು. ಮೂರನೆಯ ಹಾಡು ಬಂತು. ಅದೇ ಜಾಗ. ಒಬ್ಬ ಅಂಗಡಿಯವನು ಕಣ್ಣು ತೆರೆದು ಎಡಗಡೆಗೆ ನೋಡಿದ. ಅವನು ಮೂಗು ಒರೆಸಿಕೊಂಡು ಮತ್ತೆ ಕಣ್ಣು ಮುಚ್ಚಿದ.

ಹಾಡು ಮುಗಿದ ಮೇಲೆ ಇಬ್ಬರು ಮೂವರು ಕೋಟಿಗೆ ಕೈ ಹಾಕಿದರು. ಕೆಟ್ಟಿತು ಅಂದುಕೊಂಡೆ. ಆಮೇಲೆ ಒಬ್ಬ ವಯಸ್ಸಾದವನು ಎದ್ದು, ಟ್ರಾನ್ಸ್‌ಫಾರ್ಮರಿನ ಹತ್ತಿರ ಹೋಗಿ, ಇದನ್ನು ಸುತ್ತಿದವರು ಯಾರು ಅಂತ ಕೇಳಿದ. ಇಂಥ ಎಡಗಡೆಯನ್ನು ಕೇಳಿ ಎಷ್ಟು ಕಾಲವಾಯಿತೋ ಅಂದ.

ಈ ಸಲ ಮಾವ ನನ್ನನ್ನು ಕಾಯಲಿಲ್ಲ. "ರತ್ನಮ್ಮ," ಅಂದರು ನೇರವಾಗಿ ಅವನಿಗೇ. "ಉದ್ದನಪಲ್ಲಿ ರತ್ನಮ್ಮ."

ಡೆರೆಕ್ ಹೋಗುವಾಗ ಆರ್ಡರ್ ಕೊಟ್ಟ. ಕೊಡುವಾಗಲೂ ನಗಲಿಲ್ಲ. ಹಲಗೆಯ ಮೇಲೆ ಏನೂ ಇರಬಾರದು ಅಂದ. ಕಬ್ಬಿಣದ ಮೇಲಿರುವುದು ಇರಲಿ ಅಂತ ಕೀತ್ ಸೇರಿಸಿದ.

ಮತ್ತೆ ಕೆಲಮಂಗಲ

ಇದನ್ನು ಬರೆಯಲೇ ಅಂತ ರತ್ನಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರ್ಕ, ನಂಗೇನು. ಅಳತೆ ಗೊತ್ತಿಲ್ದೆ ಬಳ್ದೆ ಅಂತ ಮಾತ್ರ ಬರೀಬ್ಯಾಡ," ಅಂದಳು. ಅದನ್ನೂ ಬರೆದಿದ್ದೇನೆ, ಬೈದರೆ ಬೈಯಲಿ.

ಆರ್ಡರಿನ ಮೊದಲ ಟ್ರಾನ್ಸ್‌ಫಾರ್ಮರ್ ಸಿದ್ಧವಾದ ದಿನ ಏಳೂ ಜನ ಸೇರಿದರು. ಮಾವ ತಟ್ಟೆ ತಂದರು. ರತ್ನಕ್ಕ ಆಗಲೇ ಡ್ರಮ್ಮಿನ ಹಿಂದೆ ಹೋಗಿಯಾಗಿತ್ತು.

"ಬಾರವ್ವ," ಅಂದರು.

"ಒಂದ್ಸಲ ಆಯ್ತಲ್ಲಣ್ಣ. ಈ ಸಲ ಸಾವಿತ್ರಿ ಇಕ್ಲಿ."

"ಬಾ ಅಂದೆ."

ಬಂದಳು. ಬೆರಳಿಗೆ ಕುಂಕುಮ ತೆಗೆದುಕೊಂಡು ಹಲಗೆಯ ಕಡೆ ಕೈ ಚಾಚಿದಳು. ಮಾವ ಅವಳ ಕೈಯನ್ನು ಮೆಲ್ಲಗೆ ತಡೆದು ಕಬ್ಬಿಣದ ಮೈ ತೋರಿಸಿದರು. "ಇಲ್ಲಿ. ಇನ್ಮೇಲೆ ಇಲ್ಲಿ."

ರತ್ನಕ್ಕ ಕಬ್ಬಿಣ ನೋಡಿದಳು, ಹಲಗೆ ನೋಡಿದಳು. ಎಷ್ಟು ವರ್ಷದಿಂದ ತಂತಿ ಸುತ್ತಿದವಳು, ಯಾವ ತುದಿಯಲ್ಲಿ ಏನು ಹರಿಯುತ್ತದೆ ಅಂತ ನಾವು ಹೇಳಿಕೊಡಬೇಕಿರಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು.

"ಅಣ್ಣ. ನಂದು ಅಲ್ಲಿ ತೊಂದ್ರೆ ಕೊಡ್ತಾ?"

ಸಾವಿತ್ರಿ ಕಿವಿ ನಿಮಿರಿಸಿದಳು. ಏಳೂ ಜನ ಮಾವನ ಬಾಯಿಯನ್ನೇ ನೋಡಿದರು. ನಾನು ಸೂರು ನೋಡಿದೆ.

"ನಿಂದೇ ಆರ್ಡರ್ ತಂದಿದ್ದು," ಅಂದರು ಮಾವ. "ಮದ್ರಾಸ್ನಾಗೆ ಅದಿಲ್ದಿದ್ರೆ ಆ ಕಸ್ಟಮ್ಸ್‌ನೋನು ಚೂರಿ ಇಕ್ಕಿರೋನು. ಕೇಳು ಇವುನ್ನ."

"ಹೌದಕ್ಕ," ಅಂದೆ. ಅದೂ ನಿಜವೇ.

ಅವಳು ನಂಬಿದಳೋ ಇಲ್ಲವೋ. ಕಬ್ಬಿಣದ ಮೇಲೆ ಸಣ್ಣದಾಗಿ, ಈ ಸಲ ಅಳತೆಗೆ ಸರಿಯಾಗಿ, ಕುಂಕುಮ ಇಟ್ಟಳು. ಬೆರಳಿನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಸಾವಿತ್ರಿಯಾಗಿದ್ದರೆ ಅದನ್ನು ತನ್ನ ಹಣೆಗೋ ಪಕ್ಕದವಳ ಹಣೆಗೋ ಇಡುತ್ತಿದ್ದಳು. ರತ್ನಕ್ಕ ಬೆರಳನ್ನು ಹಿಡಿದುಕೊಂಡೇ ನಿಂತಳು. ಎಲ್ಲಿ ಒರೆಸಬೇಕೆಂದು ಅವಳಿಗೆ ತೋಚಲಿಲ್ಲ.

ಮಾವ ತಲೆಗೆ ಸುತ್ತಿದ್ದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು. ಅವಳ ಮುಂದೆ ಹಣೆ ಬಗ್ಗಿಸಿದರು.

"ಇಕ್ಕವ್ವ," ಅಂದರು. "ಕೆಲ್ಸ ಐತೆ."